ಎರಡು ದರದ ಮೀಟರ್: ದರ ಬದಲಾಯಿಸುವ ಮೊದಲು ಹೀಟರ್ ನೋಡಿ

ಪ್ರಶ್ನೆ: ಇಂಗ್ಲೆಂಡಿನ ಸ್ವಿಂಡನ್‌ನಲ್ಲಿ ಬಾಡಿಗೆ ಫ್ಲ್ಯಾಟಿಗೆ ಬಂದು ಒಂದು ಚಳಿಗಾಲ ಕಳೆದಿದೆ. ಗ್ಯಾಸ್ ಸಂಪರ್ಕ ಇಲ್ಲ, ಎಲ್ಲಾ ಕರೆಂಟಿನಲ್ಲೇ. ಮೀಟರ್‌ನಲ್ಲಿ ಎರಡು ರೀಡಿಂಗ್ ಬರುತ್ತದೆ. ಬಿಲ್‌ನಲ್ಲಿ ‘ಎಕಾನಮಿ 7’ ಅಂತ ಇದೆ. ರಾತ್ರಿ ದರ ಕಡಿಮೆ, ಹಗಲಿನದು ಜಾಸ್ತಿ. ಊರಿಂದ ಅಪ್ಪ ಅಮ್ಮ ಬಂದಿದ್ದಾರೆ, ಹಗಲೆಲ್ಲಾ ಮನೆಯಲ್ಲೇ ಇರುತ್ತಾರೆ. ಗೋಡೆಯಲ್ಲಿರುವ ದಪ್ಪ ಹೀಟರ್‌ಗಳು ಸಂಜೆಯ ಹೊತ್ತಿಗೆ ತಣ್ಣಗಾಗಿಬಿಡುತ್ತವೆ. ಆಗ ಫ್ಯಾನ್ ಹೀಟರ್ ಹಾಕುತ್ತೇವೆ. ಬಿಲ್ ನೋಡಿದರೆ ಭಯವಾಗುತ್ತದೆ. ಒಂದೇ ದರಕ್ಕೆ ಬದಲಾಯಿಸಿಕೊಳ್ಳಿ ಅಂತ ಆಫೀಸಿನಲ್ಲಿ ಎಲ್ಲರೂ ಹೇಳುತ್ತಾರೆ. ಬದಲಾಯಿಸಬಹುದಾ? ಮೀಟರ್ ಬೇರೆ ಹಾಕಿಸಬೇಕಾ? ಮನೆ ಮಾಲೀಕರನ್ನು ಕೇಳಬೇಕಾ?

ಉತ್ತರ: ಬದಲಾಯಿಸಬಹುದು. ಆದರೆ ನಿಮ್ಮ ಪ್ರಶ್ನೆಯಲ್ಲಿ ಎರಡು ವಿಷಯ ನನ್ನ ಗಮನ ಸೆಳೆದವು. ಹೀಟರ್ ಸಂಜೆಗೆ ತಣ್ಣಗಾಗುತ್ತದೆ ಅಂದಿರಿ. ಅಪ್ಪ ಅಮ್ಮ ಹಗಲೆಲ್ಲಾ ಮನೆಯಲ್ಲಿರುತ್ತಾರೆ ಅಂದಿರಿ. ಇವೆರಡನ್ನೂ ಸೇರಿಸಿ ನೋಡಿದರೆ, ನಿಮ್ಮ ತೊಂದರೆ ಬಹುಶಃ ದರದಲ್ಲಿ ಇಲ್ಲ, ಹೀಟರ್‌ನ ತಿರುಗಣೆಯಲ್ಲಿ (ನಾಬ್) ಇದೆ. ಅದನ್ನು ಸರಿ ಮಾಡದೆ ಒಂದೇ ದರಕ್ಕೆ ಹೋದರೆ ಬಿಲ್ ಇನ್ನೂ ಏರಬಹುದು. ಹಾಗಾಗಿ ಮೊದಲು ಹೀಟರ್, ಆಮೇಲೆ ಲೆಕ್ಕ, ಕೊನೆಗೆ ಕರೆಂಟು ಕೊಡುವ ಕಂಪನಿಗೆ ಫೋನ್.

ನಿಮ್ಮ ಗೋಡೆಯಲ್ಲಿರುವುದು ಸ್ಟೋರೇಜ್ ಹೀಟರ್ ಹೌದೋ ಅಲ್ಲವೋ ಎಂದು ಖಾತ್ರಿ ಮಾಡಿಕೊಳ್ಳಿ. ತೆಳ್ಳಗಿದ್ದು, ಸ್ವಿಚ್ ಹಾಕಿದ ಕೆಲವೇ ನಿಮಿಷದಲ್ಲಿ ಬಿಸಿಯಾದರೆ ಅದು ಮಾಮೂಲಿ ಪ್ಯಾನೆಲ್ ಹೀಟರ್. ಸ್ಟೋರೇಜ್ ಹೀಟರ್ ದಪ್ಪಗಿರುತ್ತದೆ, ಅಲುಗಾಡಿಸಲು ಆಗದಷ್ಟು ಭಾರ ಇರುತ್ತದೆ. ಏಕೆಂದರೆ ಒಳಗೆ ಇಟ್ಟಿಗೆ ಜೋಡಿಸಿರುತ್ತಾರೆ. ರಾತ್ರಿ ಅಗ್ಗದ ಕರೆಂಟಿನಲ್ಲಿ ಇಟ್ಟಿಗೆ ಕಾಯುತ್ತದೆ, ಹಗಲು ಆ ಕಾವನ್ನು ನಿಧಾನವಾಗಿ ಬಿಡುತ್ತದೆ. ಊರಿನ ಬಚ್ಚಲ ಒಲೆ ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ: ಬೆಂಕಿ ಆರಿದ ಎಷ್ಟೋ ಹೊತ್ತಿನ ಮೇಲೂ ಹಂಡೆಯ ನೀರು ಬಿಸಿಯಾಗೇ ಇರುತ್ತದೆ ಅಲ್ವಾ, ಹಾಗೆ.

ಹಳೆಯ ಮಾದರಿಯಾದರೆ ಮೇಲ್ಭಾಗದಲ್ಲಿ ಎರಡು ತಿರುಗಣೆ ಇರುತ್ತವೆ. ಒಂದು ಇನ್‌ಪುಟ್, ಇನ್ನೊಂದು ಔಟ್‌ಪುಟ್. ಹೆಚ್ಚಿನವರು ಎಡವುವುದು ಇಲ್ಲೇ. ಇನ್‌ಪುಟ್ ಅಂದರೆ ಇವತ್ತು ರಾತ್ರಿ ಎಷ್ಟು ಕಾವು ತುಂಬಿಕೊಳ್ಳಬೇಕು ಅನ್ನುವುದು. ಔಟ್‌ಪುಟ್ ಅಂದರೆ ತುಂಬಿದ್ದನ್ನು ಎಷ್ಟು ಬೇಗ ಹೊರಗೆ ಬಿಡಬೇಕು ಅನ್ನುವುದು. ಔಟ್‌ಪುಟ್ ತಿರುಗಿಸಿದರೆ ಒಳಗೆ ಒಂದು ಮುಚ್ಚಳ ತೆರೆಯುತ್ತದೆ, ಬಿಸಿ ಗಾಳಿ ಮೇಲಿನಿಂದ ಹೊರಗೆ ಬರುತ್ತದೆ. ಅಷ್ಟೇ. ಅದಕ್ಕೂ ಕರೆಂಟಿಗೂ ಸಂಬಂಧ ಇಲ್ಲ.

ಈಗ ಹೊಸದಾಗಿ ಬಂದ ಮನೆಯವರು ಏನು ಮಾಡುತ್ತಾರೆ? ಚಳಿ ಅಂತ ಎರಡನ್ನೂ ಪೂರ್ತಿ ತಿರುಗಿಸಿ ಮಲಗುತ್ತಾರೆ. ಮುಚ್ಚಳ ತೆರೆದೇ ಇರುತ್ತದೆ. ರಾತ್ರಿ ಒಂದು ಕಡೆ ಕಾವು ತುಂಬುತ್ತಾ, ಇನ್ನೊಂದು ಕಡೆ ಸೋರುತ್ತಾ ಇರುತ್ತದೆ. ಎಲ್ಲರೂ ಕಂಬಳಿಯೊಳಗೆ ಮಲಗಿರುವಾಗ ಮನೆ ಬೆಚ್ಚಗಿರುತ್ತದೆ. ಮಧ್ಯಾಹ್ನ ಕಳೆಯುವಷ್ಟರಲ್ಲಿ ಇಟ್ಟಿಗೆ ಖಾಲಿ. ಸಂಜೆ ಮಕ್ಕಳು, ನೀವು ಮನೆಗೆ ಬರುವ ಹೊತ್ತಿಗೆ ಹೀಟರ್ ತಣ್ಣಗೆ. ಆಗ ಫ್ಯಾನ್ ಹೀಟರ್ ಬರುತ್ತದೆ, ಅದೂ ದುಬಾರಿ ದರದಲ್ಲಿ. ನೀವು ಬರೆದಿರುವುದು ಹೆಚ್ಚುಕಡಿಮೆ ಇದೇ.

ಮಾಡಬೇಕಾದ್ದು ಇಷ್ಟು. ಮಲಗುವ ಮೊದಲು ಔಟ್‌ಪುಟ್ ಅನ್ನು ಕನಿಷ್ಠಕ್ಕೆ ತನ್ನಿ. ಬೆಳಿಗ್ಗೆ ಕಾವು ತಾನಾಗೇ ಹೀಟರ್ ಮೈಯಿಂದ ಬರುತ್ತಿರುತ್ತದೆ, ತಿರುಗಣೆ ಮುಟ್ಟುವ ಅಗತ್ಯ ಹೆಚ್ಚಾಗಿ ಬರುವುದಿಲ್ಲ. ಮಧ್ಯಾಹ್ನದ ನಂತರ ಸ್ವಲ್ಪ ಏರಿಸಿ, ಸಂಜೆ ಇನ್ನಷ್ಟು ಏರಿಸಿ. ಮಲಗುವಾಗ ಮತ್ತೆ ಇಳಿಸಿ. ಇನ್‌ಪುಟ್ ಮಾತ್ರ ನಾಳೆಯ ಹವಾಮಾನ ನೋಡಿ ಇಡಿ. ನಾಳೆ ಮಂಜು ಬೀಳುತ್ತದೆ ಎಂದರೆ ಜಾಸ್ತಿ, ಸೌಮ್ಯ ದಿನವಾದರೆ ಕಡಿಮೆ. ಹೊಸ ಮಾದರಿಯ ಹೀಟರ್‌ಗಳಲ್ಲಿ ಥರ್ಮೋಸ್ಟಾಟ್ ಮತ್ತು ಟೈಮರ್ ಇರುತ್ತದೆ, ಈ ಲೆಕ್ಕವನ್ನು ಅವೇ ಮಾಡಿಕೊಳ್ಳುತ್ತವೆ. ‘ಬೂಸ್ಟ್’ ಎಂಬ ಗುಂಡಿ ಇದ್ದರೆ ಅದನ್ನು ಹಗಲು ಒತ್ತಬೇಡಿ. ಅದು ಇಟ್ಟಿಗೆಯ ಕಾವಲ್ಲ. ಆ ಕ್ಷಣದ ಕರೆಂಟು, ಆ ಕ್ಷಣದ ದರ.

ಅಪ್ಪ ಅಮ್ಮ ಹಗಲು ಮನೆಯಲ್ಲಿದ್ದಾರೆ, ಹಾಗಾಗಿ ಎಕಾನಮಿ 7 ನಮಗೆ ಹೊಂದುವುದಿಲ್ಲ ಎಂದು ನೀವು ಅಂದುಕೊಂಡಂತಿದೆ. ಹಗಲು ಮನೆಯಲ್ಲಿ ಜನ ಇದ್ದರೆ ಹಗಲು ದರ ಜಾಸ್ತಿ ಕಟ್ಟಬೇಕು ಅನ್ನಿಸುವುದು ಸಹಜ. ಆದರೆ ಸ್ಟೋರೇಜ್ ಹೀಟರ್ ಇರುವ ಮನೆಯಲ್ಲಿ ಇದು ತಿರುಗುಮುರುಗು. ಈ ಹೀಟರ್ ಕಾವು ಕೊಡುವುದೇ ಬೆಳಿಗ್ಗೆಯಿಂದ. ಎಲ್ಲರೂ ಎಂಟು ಗಂಟೆಗೆ ಹೊರಟು ಸಂಜೆ ಆರಕ್ಕೆ ಬರುವ ಮನೆಯಲ್ಲಿ ಆ ಕಾವಿನ ಬಹುಪಾಲು ಖಾಲಿ ಮನೆಗೆ ಹೋಗುತ್ತದೆ. ವಯಸ್ಸಾದವರು ಹಗಲು ಕೂತಿರುವ ಮನೆಯಲ್ಲಿ ಅದು ಸರಿಯಾದ ಹೊತ್ತಿಗೆ ಸರಿಯಾದವರಿಗೆ ಸಿಗುತ್ತದೆ. ಅಪ್ಪ ಅಮ್ಮ ಕೂರುವ ಕೋಣೆಯ ಹೀಟರ್‌ಗೆ ಇನ್‌ಪುಟ್ ಜಾಸ್ತಿ ಇಡಿ, ಬಳಸದ ಕೋಣೆಯದನ್ನು ಕಡಿಮೆ ಮಾಡಿ. ಬಿಲ್ ಉಳಿಸಲು ಹೋಗಿ ಅವರನ್ನು ಚಳಿಯಲ್ಲಿ ಕೂರಿಸಬೇಡಿ. ನಮ್ಮ ಕಡೆಯ ಹಿರಿಯರು ‘ನನಗೇನೂ ಚಳಿ ಇಲ್ಲಪ್ಪ’ ಅಂತಲೇ ಹೇಳುತ್ತಾರೆ. ಅವರ ಕೈ ಮುಟ್ಟಿ ನೋಡಿ.

ಎರಡನೆಯದು ಬಿಸಿನೀರು. ಗ್ಯಾಸ್ ಇಲ್ಲದ ಫ್ಲ್ಯಾಟ್‌ನಲ್ಲಿ ಸಾಮಾನ್ಯವಾಗಿ ಒಂದು ಕಪಾಟಿನೊಳಗೆ ದೊಡ್ಡ ನೀರಿನ ಸಿಲಿಂಡರ್ ಇರುತ್ತದೆ. ಅದರಲ್ಲಿ ಹೆಚ್ಚಾಗಿ ಎರಡು ಇಮ್ಮರ್ಶನ್ ಕಾಯಿಲ್. ಕೆಳಗಿನದು ರಾತ್ರಿ ದರದಲ್ಲಿ ಇಡೀ ಸಿಲಿಂಡರ್ ಕಾಯಿಸಲು. ಮೇಲಿನದು ಹಗಲು ನೀರು ಖಾಲಿಯಾದರೆ ಸ್ವಲ್ಪ ಕಾಯಿಸಿಕೊಳ್ಳಲು. ಒಂದೊಂದೂ ಸುಮಾರು 3 ಕಿಲೋವ್ಯಾಟ್. ಅಂದರೆ ಒಂದು ಗಂಟೆ ಉರಿದರೆ ಮೂರು ಯೂನಿಟ್. ಮೇಲಿನ ಕಾಯಿಲ್‌ನ ಸ್ವಿಚ್ ಯಾರೋ ಹಾಕಿ ಮರೆತರೆ, ಹಗಲು ಯಾರು ಕೈ ತೊಳೆದರೂ ಅದು ದುಬಾರಿ ದರದಲ್ಲಿ ಕಾಯಿಸುತ್ತಾ ಕೂರುತ್ತದೆ. ಇವತ್ತೇ ಆ ಕಪಾಟು ತೆರೆದು ನೋಡಿ. ರಾತ್ರಿ ಕಾದ ನೀರು ಬೆಳಗಿನ ಸ್ನಾನಕ್ಕೆ ಧಾರಾಳವಾಗಿ ಸಾಲಬೇಕು. ಸಿಲಿಂಡರ್‌ಗೆ ಹೊದಿಕೆ ಇಲ್ಲದಿದ್ದರೆ ಮಾಲೀಕರಿಗೆ ಹೇಳಿ ಹಾಕಿಸಿ.

ಅಡುಗೆ, ಬಟ್ಟೆ ಒಗೆಯುವುದು, ಗ್ರೈಂಡರ್ ಇವುಗಳ ಚಿಂತೆ ಬಿಡಿ. ದೋಸೆ ಹಿಟ್ಟು ರುಬ್ಬುವ ಗ್ರೈಂಡರ್ ತಿನ್ನುವ ಕರೆಂಟು ತೀರಾ ಕಡಿಮೆ. ಅದಕ್ಕಾಗಿ ಮಧ್ಯರಾತ್ರಿ ಎದ್ದು ಕೂರುವುದು ಬೇಡ. ವಾಷಿಂಗ್ ಮೆಷಿನ್ ಮತ್ತು ಡ್ರೈಯರ್ ಅನ್ನು ಎಲ್ಲರೂ ಮಲಗಿರುವಾಗ ಓಡಿಸಬೇಡಿ ಎಂದು ಇಲ್ಲಿನ ಅಗ್ನಿಶಾಮಕ ದಳದವರೇ ಹೇಳುತ್ತಾರೆ. ಕೆಲವು ಪೆನ್ಸ್ (ನೂರು ಪೆನ್ಸ್ ಅಂದರೆ ಒಂದು ಪೌಂಡ್) ಉಳಿತಾಯಕ್ಕೆ ಆ ಅಪಾಯ ಬೇಡ. ಬೆಳಿಗ್ಗೆ ಬೇಗ ಏಳುವವರಾದರೆ ಅಗ್ಗದ ಹೊತ್ತು ಮುಗಿಯುವ ಮೊದಲು ಒಂದು ಸಲ ಬಟ್ಟೆ ಹಾಕಿಬಿಡಿ, ಅಷ್ಟು ಸಾಕು.

ಅಗ್ಗದ ಹೊತ್ತು ಯಾವುದು ಅನ್ನುವುದನ್ನು ಮಾತ್ರ ಪಕ್ಕಾ ತಿಳಿದುಕೊಳ್ಳಿ. ಹೆಸರಿನಲ್ಲಿರುವ 7 ಅಂದರೆ ಏಳು ಗಂಟೆ. 1978ರಲ್ಲಿ ಈ ಯೋಜನೆ ಶುರುವಾದಾಗ ಕಲ್ಲಿದ್ದಲು ಮತ್ತು ಅಣು ವಿದ್ಯುತ್ ಸ್ಥಾವರಗಳು ರಾತ್ರಿಯೂ ಓಡುತ್ತಿದ್ದವು, ಬೇಡಿಕೆ ಮಾತ್ರ ಇರುತ್ತಿರಲಿಲ್ಲ. ಆ ಕರೆಂಟನ್ನು ಜನ ಬಳಸಲಿ ಎಂದು ದರ ಇಳಿಸಿದರು. ಬ್ರಿಟನ್ನಿನ ಕೊನೆಯ ಕಲ್ಲಿದ್ದಲು ಸ್ಥಾವರವೂ 2024ರ ಸೆಪ್ಟೆಂಬರ್ 30ಕ್ಕೆ ಮುಚ್ಚಿತು. ಆದರೆ ರಾತ್ರಿ ಬೇಡಿಕೆ ಕಡಿಮೆ ಎನ್ನುವುದು ಹಾಗೇ ಇದೆ. (ನಮ್ಮ ದೇಶದಲ್ಲಿ ಲೆಕ್ಕ ಬೇರೆ. 2023ರಲ್ಲಿ ಕೇಂದ್ರ ಸರ್ಕಾರ ತಿದ್ದಿದ ನಿಯಮದಲ್ಲಿ ಅಗ್ಗದ ಹೊತ್ತು ಅಂದರೆ ಬಿಸಿಲಿನ ಹೊತ್ತು. ಸೋಲಾರ್ ಇರುವ ಕಡೆ ಹಗಲೇ ಅಗ್ಗ. ಊರಲ್ಲಿ ಮಾತಾಡುವಾಗ ಇದನ್ನು ಕಲಸಿಕೊಳ್ಳಬೇಡಿ.)

ಈ ಏಳು ಗಂಟೆ ಎಲ್ಲ ಊರಲ್ಲೂ ಒಂದೇ ಅಲ್ಲ. ಪ್ರದೇಶಕ್ಕೆ ತಕ್ಕಂತೆ, ಮೀಟರ್‌ಗೆ ತಕ್ಕಂತೆ ಬದಲಾಗುತ್ತದೆ. ಉದಾಹರಣೆಗೆ ರಾತ್ರಿ 12:30ರಿಂದ ಬೆಳಿಗ್ಗೆ 7:30. ಇನ್ನೊಂದು ಸೂಕ್ಷ್ಮ ಇದೆ. ಹಳೆಯ ಮೀಟರ್‌ಗಳ ಗಡಿಯಾರ ಹೆಚ್ಚಾಗಿ ವರ್ಷವಿಡೀ ಗ್ರೀನಿಚ್ ಸಮಯದಲ್ಲೇ ಓಡುತ್ತದೆ. ಮಾರ್ಚ್ ಕೊನೆಯಲ್ಲಿ ನಾವು ಗಡಿಯಾರ ಒಂದು ಗಂಟೆ ಮುಂದೆ ಇಟ್ಟರೂ ಅದು ಇಡುವುದಿಲ್ಲ. ಆಗ ನಿಮ್ಮ ಗೋಡೆ ಗಡಿಯಾರದ ಪ್ರಕಾರ ಅಗ್ಗದ ಹೊತ್ತು 1:30ರಿಂದ 8:30 ಆಗುತ್ತದೆ. ಕಂಪನಿಯನ್ನು ಕೇಳಿ, ಕೇಳಿದ್ದನ್ನು ಮೀಟರ್ ಹತ್ತಿರ ಹೋಗಿ ಪರೀಕ್ಷಿಸಿ.

ಆ ಪರೀಕ್ಷೆ ಸುಲಭ, ಇನ್ನೊಂದು ದೊಡ್ಡ ತಪ್ಪೂ ಅದರಲ್ಲೇ ಸಿಕ್ಕಿಬೀಳುತ್ತದೆ. ಮೀಟರ್‌ನಲ್ಲಿ ಎರಡು ಅಂಕಿಗಳ ಪಕ್ಕ ಏನೋ ಬರೆದಿರುತ್ತದೆ: ‘ಲೋ’ ಮತ್ತು ‘ನಾರ್ಮಲ್’, ಅಥವಾ ‘ರೇಟ್ 1’ ಮತ್ತು ‘ರೇಟ್ 2’. ರೇಟ್ 1 ಎಂದರೆ ಹಗಲು ಎಂದು ಎಲ್ಲ ಮೀಟರ್‌ಗಳಲ್ಲೂ ಇರುವುದಿಲ್ಲ. ಮಧ್ಯಾಹ್ನ ಎರಡೂ ಅಂಕಿಗಳ ಫೋಟೋ ತೆಗೆಯಿರಿ. ಒಂದು ಗಂಟೆ ಮನೆಯ ಅಡುಗೆ, ಕೆಟಲ್, ಎಲ್ಲಾ ನಡೆಯಲಿ. ಮತ್ತೆ ಫೋಟೋ ತೆಗೆಯಿರಿ. ಯಾವ ಅಂಕಿ ಏರಿತೋ ಅದು ಹಗಲಿನದು. ಈಗ ಬಿಲ್ ತೆಗೆದು ನೋಡಿ. ಅದೇ ಅಂಕಿಯನ್ನು ಹಗಲು ಅಂತ ಹಾಕಿದ್ದಾರಾ? ಅದಲುಬದಲಾಗಿರುವ ಬಿಲ್‌ಗಳು ನಿಜಕ್ಕೂ ಇರುತ್ತವೆ. ಸ್ಟೋರೇಜ್ ಹೀಟರ್ ಇರುವ ಮನೆಯಲ್ಲಿ ರಾತ್ರಿಯ ಯೂನಿಟ್‌ಗಳಿಗೆ ಹಗಲಿನ ದರ ಬಿದ್ದರೆ ಚಳಿಗಾಲದ ಬಿಲ್ ಎಲ್ಲಿಗೆ ಹೋಗುತ್ತದೆ ಯೋಚಿಸಿ. ಹಾಗೆ ಆಗಿದ್ದರೆ ಫೋಟೋಗಳ ಸಮೇತ ಬರೆದು ತಿಳಿಸಿ, ಹಳೆಯ ಬಿಲ್‌ಗಳನ್ನೂ ತಿದ್ದಿ ಹಣ ವಾಪಸ್ ಕೊಡಿ ಎಂದು ಕೇಳಿ.

ಇನ್ನು ಲೆಕ್ಕ. ಕಳೆದ ಚಳಿಗಾಲದ ಮತ್ತು ಬೇಸಿಗೆಯ ಬಿಲ್‌ಗಳಿಂದ ರಾತ್ರಿ ಎಷ್ಟು ಯೂನಿಟ್, ಹಗಲು ಎಷ್ಟು ಯೂನಿಟ್ ಬರೆದುಕೊಳ್ಳಿ. ಸಾಧ್ಯವಾದಷ್ಟು ಇಡೀ ವರ್ಷದ್ದು ಬೇಕು. ಜುಲೈ ತಿಂಗಳ ಬಿಲ್ ನೋಡಿ ತೀರ್ಮಾನ ಮಾಡಿದರೆ ಮೋಸ ಹೋಗುತ್ತೀರಿ. ಆಗ ಹೀಟರ್ ಆಫ್ ಆಗಿರುತ್ತದೆ, ರಾತ್ರಿ ಯೂನಿಟ್ ಕಡಿಮೆಯೇ ಕಾಣುತ್ತದೆ. ಅಂದಾಜು ರೀಡಿಂಗ್ ಹಾಕಿದ ಬಿಲ್ಲನ್ನೂ ನಂಬಬೇಡಿ.

ದರಗಳು ಬದಲಾಗುತ್ತಲೇ ಇರುತ್ತವೆ. ನಿಯಂತ್ರಣ ಸಂಸ್ಥೆ ಆಫ್‌ಜೆಮ್ ಮೂರು ತಿಂಗಳಿಗೊಮ್ಮೆ ಗರಿಷ್ಠ ದರದ ಮಿತಿಯನ್ನು ಹೊಸದಾಗಿ ಹಾಕುತ್ತದೆ. ಎರಡು ದರದ ಮೀಟರ್‌ಗೆ ಅದರಲ್ಲಿ ಬೇರೆ ಲೆಕ್ಕವೇ ಇದೆ. ಹಾಗಾಗಿ ಇಲ್ಲಿ ಲೆಕ್ಕ ತೋರಿಸಲು ಮಾತ್ರ ಸಂಖ್ಯೆ ಇಟ್ಟುಕೊಳ್ಳುತ್ತೇನೆ. ಹಗಲು ಯೂನಿಟ್‌ಗೆ 30 ಪೆನ್ಸ್, ರಾತ್ರಿ 15 ಪೆನ್ಸ್, ಒಂದೇ ದರವಾದರೆ 25 ಪೆನ್ಸ್ ಅಂದುಕೊಳ್ಳಿ. ಹಗಲಿನ ದರದಲ್ಲಿ ಒಂದೇ ದರ ಕಳೆದರೆ 5. ಹಗಲಿನ ದರದಲ್ಲಿ ರಾತ್ರಿ ದರ ಕಳೆದರೆ 15. 5 ಅನ್ನು 15ರಿಂದ ಭಾಗಿಸಿದರೆ ಮೂರರಲ್ಲಿ ಒಂದು. ಒಟ್ಟು ಯೂನಿಟ್‌ಗಳಲ್ಲಿ ಮೂರರಲ್ಲೊಂದು ಪಾಲಿಗಿಂತ ಜಾಸ್ತಿ ರಾತ್ರಿ ಹೋಗುತ್ತಿದ್ದರೆ ಎಕಾನಮಿ 7 ಲಾಭ, ಕಡಿಮೆಯಾದರೆ ಒಂದೇ ದರ ಲಾಭ. ನಿಮ್ಮ ಬಿಲ್‌ನ ನಿಜವಾದ ದರಗಳನ್ನು ಇಟ್ಟು ಇದೇ ಲೆಕ್ಕ ಮಾಡಿ.

ವರ್ಷಕ್ಕೆ 4000 ಯೂನಿಟ್ ಬಳಸುವ ಮನೆ ತಗೊಳ್ಳಿ. ಒಂದೇ ದರದಲ್ಲಿ 1000 ಪೌಂಡ್. ಎಕಾನಮಿ 7ರಲ್ಲಿ ಕಾಲು ಭಾಗ ಮಾತ್ರ ರಾತ್ರಿ ಹೋದರೆ 1050 ಪೌಂಡ್. ಅರ್ಧ ರಾತ್ರಿ ಹೋದರೆ 900 ಪೌಂಡ್. ಇದಕ್ಕೆ ದಿನದ ಸ್ಟ್ಯಾಂಡಿಂಗ್ ಚಾರ್ಜ್ (ಕರೆಂಟು ಬಳಸಿದರೂ ಬಿಟ್ಟರೂ ದಿನಕ್ಕಿಷ್ಟು ಅಂತ ಕಟ್ಟುವುದು) ಸೇರಿಸಿ, ಅದು ಎರಡು ಯೋಜನೆಗಳಲ್ಲಿ ಬೇರೆಬೇರೆ ಇರಬಹುದು. ಹೋಲಿಸುವಾಗ ಎರಡೂ ಕಡೆ 5 ಶೇಕಡಾ ವ್ಯಾಟ್ ತೆರಿಗೆ ಸೇರಿದ ದರವನ್ನೇ ನೋಡಿ.

ಈಗ ನಿಮ್ಮ ಫ್ಯಾನ್ ಹೀಟರ್ ನೋಡಿ. 2 ಕಿಲೋವ್ಯಾಟ್‌ನದು ಸಂಜೆ ಐದು ಗಂಟೆ ಓಡಿದರೆ 10 ಯೂನಿಟ್. ಹಗಲು ದರದಲ್ಲಿ 3 ಪೌಂಡ್. ಅದೇ 10 ಯೂನಿಟ್ ಕಾವನ್ನು ರಾತ್ರಿ ಇಟ್ಟಿಗೆಗೆ ತುಂಬಿದ್ದರೆ ಒಂದೂವರೆ ಪೌಂಡ್. ಒಂದೇ ದರಕ್ಕೆ ಹೋದರೆ ಎರಡೂವರೆ. ಆಫೀಸಿನವರು ಹೇಳಿದಂತೆ ಬದಲಾಯಿಸಿದರೆ ದಿನಕ್ಕೆ ಅರ್ಧ ಪೌಂಡ್ ಉಳಿಯುತ್ತದೆ, ನಿಜ. ತಿರುಗಣೆ ಸರಿ ಮಾಡಿದರೆ ಒಂದೂವರೆ ಉಳಿಯುತ್ತದೆ. ಮೇಲಾಗಿ, ಬದಲಾಯಿಸಿದ ಮರುದಿನದಿಂದ ಸ್ಟೋರೇಜ್ ಹೀಟರ್ ಮತ್ತು ಇಮ್ಮರ್ಶನ್ ತಿನ್ನುವ ಪ್ರತಿ ಯೂನಿಟ್‌ಗೂ 15ರ ಬದಲು 25 ಕಟ್ಟುತ್ತೀರಿ. ಇದನ್ನು ಆಫೀಸಿನಲ್ಲಿ ಯಾರೂ ಹೇಳಿರಲಿಕ್ಕಿಲ್ಲ. ಗ್ಯಾಸ್ ಬಾಯ್ಲರ್ ಇರುವ ಮನೆಯವರ ಮಾತು ಅವರಿಗೆ ಸರಿ. ಅವರಿಗೆ ರಾತ್ರಿ ಓಡುವುದು ಫ್ರಿಜ್ ಒಂದೇ.

ಹಾಗಂತ ಎಲ್ಲರೂ ಎಕಾನಮಿ 7ರಲ್ಲೇ ಇರಿ ಅನ್ನುತ್ತಿಲ್ಲ. ನಿಮ್ಮ ಹೀಟರ್‌ಗಳು ಪ್ಯಾನೆಲ್ ಹೀಟರ್ ಆಗಿದ್ದರೆ, ಅಥವಾ ಇಟ್ಟಿಗೆ ಹೀಟರ್‌ಗಳು ಕೆಟ್ಟಿದ್ದು ಮಾಲೀಕರು ರಿಪೇರಿ ಮಾಡಿಸದಿದ್ದರೆ, ರಾತ್ರಿ ಪಾಲು ಸಾಮಾನ್ಯವಾಗಿ ಕಡಿಮೆಯೇ ಇರುತ್ತದೆ. ಆಗ ಬದಲಾಯಿಸುವುದೇ ಸರಿ, ತಡ ಮಾಡಬೇಡಿ.

ಬದಲಾಯಿಸಲು ಮೂರು ದಾರಿ ಇವೆ. ಮೀಟರ್ ಹಾಗೇ ಇಟ್ಟು, ಎರಡೂ ರೀಡಿಂಗ್ ಕೂಡಿಸಿ ಒಂದೇ ದರ ಹಾಕಲು ಕೆಲವು ಕಂಪನಿಗಳು ಒಪ್ಪುತ್ತವೆ. ಬಾಡಿಗೆಯವರಿಗೆ ಇದು ಎಲ್ಲಕ್ಕಿಂತ ಹಗುರ, ಮೊದಲು ಇದನ್ನೇ ಕೇಳಿ. ರೀಡಿಂಗ್ ತಾನಾಗೇ ಕಂಪನಿಗೆ ಕಳಿಸುವ ಸ್ಮಾರ್ಟ್ ಮೀಟರ್ ಇದ್ದರೆ ದೂರದಿಂದಲೇ ಒಂದು ದರಕ್ಕೆ ಹೊಂದಿಸಬಹುದು. ಎರಡೂ ಆಗದಿದ್ದರೆ ಮೀಟರ್ ಬದಲಿಸಬೇಕು.

ಮೀಟರ್ ಬದಲಿಸುವಾಗ ಎಚ್ಚರ ಬೇಕು. ಸ್ಟೋರೇಜ್ ಹೀಟರ್ ಇರುವ ಬಹಳಷ್ಟು ಮನೆಗಳಲ್ಲಿ ಫ್ಯೂಸ್ ಪೆಟ್ಟಿಗೆ ಎರಡಿರುತ್ತವೆ. ಒಂದು ಮನೆಯ ಲೈಟು, ಪ್ಲಗ್‌ಗಳಿಗೆ. ಇನ್ನೊಂದು ಹೀಟರ್ ಮತ್ತು ಕೆಳಗಿನ ಇಮ್ಮರ್ಶನ್ ಕಾಯಿಲ್‌ಗೆ. ಈ ಎರಡನೆಯದಕ್ಕೆ ರಾತ್ರಿ ಮಾತ್ರ ಕರೆಂಟು ಬರುತ್ತದೆ. ಮಾಮೂಲಿ ಒಂದು ದರದ ಮೀಟರ್ ಹಾಕಿದರೆ ಆ ಸರ್ಕ್ಯೂಟ್ ಏನಾಗುತ್ತದೆ? ಒಂದೋ ಅದಕ್ಕೆ ಕರೆಂಟೇ ಬರದೆ ಹೀಟರ್, ಬಿಸಿನೀರು ಎರಡೂ ನಿಲ್ಲಬಹುದು. ಇಲ್ಲವೇ ದಿನದ 24 ಗಂಟೆಯೂ ಬಂದು ಹೀಟರ್ ಹಗಲೂ ಕಾಯುತ್ತಾ ಇರಬಹುದು. ‘ಹೀಟರ್ ಸರ್ಕ್ಯೂಟ್ ಬೇರೆ ಇದೆ, ಮೀಟರ್ ಬದಲಿಸಿದ ಮೇಲೆ ಅದು ಹೇಗೆ ಓಡುತ್ತದೆ, ವೈರಿಂಗ್ ಕೆಲಸ ಇದ್ದರೆ ಯಾರು ಮಾಡುತ್ತಾರೆ, ಮುಂದೆ ಎಕಾನಮಿ 7 ಬೇಕೆಂದರೆ ವಾಪಸ್ ಸಿಗುತ್ತದಾ’ ಎಂದು ಮೊದಲೇ ಕೇಳಿ. ಉತ್ತರ ಇ-ಮೇಲ್‌ನಲ್ಲಿ ಬರಲಿ.

ಮೀಟರ್ ಪಕ್ಕದಲ್ಲಿ ಇನ್ನೊಂದು ಚಿಕ್ಕ ಪೆಟ್ಟಿಗೆ ಇದ್ದು ಅದರ ಮೇಲೆ ‘ರೇಡಿಯೋ ಟೆಲಿಸ್ವಿಚ್’ ಎಂದಿದ್ದರೆ ಕಾಯಬೇಡಿ, ತಕ್ಷಣ ಕಂಪನಿಗೆ ಹೇಳಿ. ಬಿಬಿಸಿ ರೇಡಿಯೋ 4ರ ಲಾಂಗ್‌ವೇವ್ ಪ್ರಸಾರದ ಜೊತೆ ಬರುತ್ತಿದ್ದ ಸಂಕೇತವನ್ನು ಹಿಡಿದು ಅದು ದರ ಬದಲಿಸುತ್ತಿತ್ತು. 2025ರ ಜೂನ್ 30ರಿಂದ ಆ ಸೇವೆಯನ್ನು ಹಂತಹಂತವಾಗಿ ನಿಲ್ಲಿಸುವ ಕೆಲಸ ಶುರುವಾಯಿತು. ಸಂಕೇತ ನಿಂತರೆ ಹೀಟರ್ ಯಾವ ಹೊತ್ತಿಗೆ ಕಾಯುತ್ತದೆ ಎಂಬುದು ಕೈ ತಪ್ಪುತ್ತದೆ. ಬೇರೆ ಮೀಟರ್ ಹಾಕಿಕೊಡುವುದು ಕಂಪನಿಯ ಕೆಲಸ.

ಮಾಲೀಕರ ವಿಷಯ. ಬಿಲ್ ನಿಮ್ಮ ಹೆಸರಿನಲ್ಲಿದ್ದು ನೀವೇ ಕಂಪನಿಗೆ ಕಟ್ಟುತ್ತಿದ್ದರೆ ಯಾವ ಕಂಪನಿ, ಯಾವ ದರ ಎಂದು ಆರಿಸುವ ಹಕ್ಕು ನಿಮ್ಮದು. ಮೀಟರ್‌ನ ಬಗೆಯನ್ನೇ ಬದಲಿಸುವುದಾದರೆ ಮಾಲೀಕರಿಗೆ ಬರೆದು ಒಪ್ಪಿಗೆ ಪಡೆಯಿರಿ. ಮನೆ ಬಿಡುವಾಗ ಮೊದಲಿನಂತೆ ಮಾಡಿಕೊಡಿ ಎಂದು ಅವರು ಕೇಳಬಹುದು. ಒಪ್ಪಂದದ ಪತ್ರ ಒಮ್ಮೆ ಓದಿ.

ಬೇರೆ ಕಂಪನಿಗೆ ಹೋಗುವುದಾದರೆ ಐದು ಕೆಲಸದ ದಿನಗಳಲ್ಲಿ ಮುಗಿಯುತ್ತದೆ, ಕರೆಂಟು ಒಂದು ಕ್ಷಣವೂ ಹೋಗುವುದಿಲ್ಲ. ಮನಸ್ಸು ಬದಲಾದರೆ 14 ದಿನದೊಳಗೆ ಬೇಡ ಅನ್ನಬಹುದು. ಈಗಿನದು ಇಷ್ಟು ಅವಧಿಗೆ ಇದೇ ದರ ಎಂದು ಫಿಕ್ಸ್ ಮಾಡಿದ ಯೋಜನೆಯಾದರೆ ಅವಧಿ ಮುಗಿಯಲು 49 ದಿನ ಉಳಿದಾಗಿನಿಂದ ಬಿಡುವ ಶುಲ್ಕ ಕೇಳುವಂತಿಲ್ಲ. ಬದಲಾಗುವ ದಿನ ಎರಡೂ ರೀಡಿಂಗ್‌ಗಳ ಫೋಟೋ ತೆಗೆದು, ಯಾವುದು ಹಗಲು, ಯಾವುದು ರಾತ್ರಿ ಎಂದು ಬರೆದು ಹಳೆಯ ಮತ್ತು ಹೊಸ ಕಂಪನಿ ಎರಡಕ್ಕೂ ಕಳಿಸಿ.

ಬಿಲ್ ತಪ್ಪಾಗಿದ್ದು ಕಂಪನಿ ತಿದ್ದದಿದ್ದರೆ ಲಿಖಿತ ದೂರು ಕೊಡಿ. ಎಂಟು ವಾರದಲ್ಲಿ ಇತ್ಯರ್ಥ ಆಗದಿದ್ದರೆ ಗ್ರಾಹಕರ ದೂರು ಬಗೆಹರಿಸುವ ಸ್ವತಂತ್ರ ಸಂಸ್ಥೆಯಾದ ಎನರ್ಜಿ ಒಂಬುಡ್ಸ್‌ಮನ್ ಬಳಿ ಹೋಗಬಹುದು, ಅಲ್ಲಿ ದುಡ್ಡು ಕೊಡಬೇಕಿಲ್ಲ. ಕಂಪನಿಯದೇ ತಪ್ಪಿನಿಂದ ಬಿಲ್ ಮಾಡದೆ ಬಿಟ್ಟ ಯೂನಿಟ್‌ಗಳನ್ನು 12 ತಿಂಗಳಿಗಿಂತ ಹಿಂದಿನಿಂದ ಲೆಕ್ಕ ಹಾಕಿ ವಸೂಲಿ ಮಾಡುವಂತಿಲ್ಲ, ಇದೂ ನೆನಪಿರಲಿ.

ನಿಮ್ಮ ಮನೆಗೆ ನನ್ನ ಸಲಹೆ: ಈ ವಾರ ಮೀಟರ್ ಪರೀಕ್ಷೆ ಮಾಡಿ, ಇಮ್ಮರ್ಶನ್ ಸ್ವಿಚ್ ನೋಡಿ. ಚಳಿ ಶುರುವಾದಾಗ ಔಟ್‌ಪುಟ್ ತಿರುಗಣೆಯ ಕ್ರಮ ಹಿಡಿದು, ಪ್ರತಿ ಭಾನುವಾರ ಮೀಟರ್‌ನ ಎರಡೂ ಅಂಕಿ ಒಂದು ಕಾಗದದಲ್ಲಿ ಬರೆದಿಡಿ. ಡಿಸೆಂಬರ್ ಮುಗಿಯುವ ಹೊತ್ತಿಗೆ ರಾತ್ರಿ ಪಾಲು ಎಷ್ಟು ಎಂಬುದು ಸ್ಪಷ್ಟವಾಗಿ ಗೊತ್ತಾಗುತ್ತದೆ. ಆ ಕಾಗದವನ್ನು ಹೀಟರ್ ಪಕ್ಕದ ಗೋಡೆಗೆ ಅಂಟಿಸಿ, ಹಗಲು ಮನೆಯಲ್ಲಿರುವ ನಿಮ್ಮ ಅಪ್ಪನಿಗೇ ಈ ಕೆಲಸ ಒಪ್ಪಿಸಿ. ಮಧ್ಯಾಹ್ನ ತಿರುಗಣೆ ಏರಿಸಬೇಕಾದವರೂ ಅವರೇ ತಾನೇ. ಹೀಟರ್ ಮೇಲೆ ಮಾತ್ರ ಬಟ್ಟೆ ಒಣಗಿಸಬೇಡಿ ಅಂತ ಅಮ್ಮನಿಗೆ ಹೇಳಿ, ಅದು ಬೆಂಕಿಗೆ ದಾರಿ.